ಬುಡ ಯಾವುದು, ತುದಿ ಯಾವುದು

ನನ್ನ ದಿನಚರಿಯಲ್ಲಿ ಅವರು ಎಪ್ಪತ್ತೊಂದು ಸಲ ಬಂದಿದ್ದಾರೆ. ಹೋದ ವಾರ ನಾಲ್ಕು ವರ್ಷದ ನೋಟುಬುಕ್ಕುಗಳನ್ನು ಮುಂದೆ ಹರಡಿಕೊಂಡು, ಅವರ ಸುದ್ದಿ ಇರುವ ಪುಟಗಳಿಗೆಲ್ಲ ಚೀಟಿ ಸಿಕ್ಕಿಸಿ ಎಣಿಸಿದೆ. ಅದರಲ್ಲಿ ನಲವತ್ತು ಸಲ ಹೆಚ್ಚುಕಡಿಮೆ ಒಂದೇ ಮಾತು: ‘ಕಾಕಾ ಬಂದಿದ್ದರು, ಮುದ್ರೆ ಓದಿಸಿಕೊಂಡು ಹೋದರು.’ ಎಪ್ಪತ್ತೆರಡನೆಯದು ಇನ್ನು ಬರುವುದಿಲ್ಲ. ಯುಗಾದಿ ಕಳೆದ ಒಂಬತ್ತನೇ ದಿನ ಬೆಳಿಗ್ಗೆ, ಎದೆ ಹಿಡಿದಂತಾಗುತ್ತದೆ ಎಂದು ಹೇಳಿ ಮಲಗಿದವರು ಮತ್ತೆ ಏಳಲಿಲ್ಲ. ಆ ದಿನದ ಪುಟದಲ್ಲಿ ತಾರೀಖು ಬಿಟ್ಟರೆ ನಾನು ಬೇರೇನೂ ಬರೆದಿಲ್ಲ. ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕೊಟ್ಟೂರಿನವರಿಗೆ ಅವರು ಬಡಿಗೇರ ಯಜಮಾನರು, ನನಗೆ ಕಾಕಾ. ಹೆಸರು ಬರೆಯುವುದಿಲ್ಲ, ಬರೆದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ. ಅರವತ್ತೇಳು ವರ್ಷದ ಬದುಕಿನಲ್ಲಿ ತಾವು ಮಾಡಿದ ಒಂದು ಬಾಗಿಲಿನ ಮೇಲೂ ಅವರು ಹೆಸರು ಕೆತ್ತಿದವರಲ್ಲ.

ನಾನು ಕೆಲಸ ಮಾಡುವುದು ಹರಪನಹಳ್ಳಿ ರಸ್ತೆಯಲ್ಲಿ, ಊರು ದಾಟಿದ ಮೇಲೆ ಸಿಗುವ ಒಂದು ಯಾರ್ಡಿನಲ್ಲಿ. ಸುತ್ತಲ ಗುಡ್ಡಗಳ ಮೇಲೆ ನಿಲ್ಲಿಸುವ ಗಾಳಿಯಂತ್ರಗಳ ಸಾಮಾನು ಅಲ್ಲಿ ಬಂದು ಇಳಿಯುತ್ತದೆ. ನಮ್ಮ ಜನ ಅವಕ್ಕೆ ಫ್ಯಾನು ಎನ್ನುತ್ತಾರೆ. ಸಾಮಾನೆಲ್ಲ ಬರುವುದು ಆಳೆತ್ತರದ ಕಟ್ಟಿಗೆಯ ಪೆಟ್ಟಿಗೆಗಳಲ್ಲಿ. ಬಂದ ಪೆಟ್ಟಿಗೆ ಎಷ್ಟು, ಬಿಚ್ಚಿದ್ದು ಎಷ್ಟು, ಖಾಲಿಯಾದದ್ದು ಎಷ್ಟು ಎಂದು ಬರೆದಿಡುವುದು ನನ್ನ ಕೆಲಸ. ಖಾಲಿ ಪೆಟ್ಟಿಗೆಗಳನ್ನು ಒಡೆದು ಮೂಲೆಯಲ್ಲಿ ರಾಶಿ ಹಾಕುತ್ತಾರೆ. ಹದಿನೈದು ದಿನಕ್ಕೊಮ್ಮೆ ಊರಿನ ಬಡಿಗರು, ಇಟ್ಟಿಗೆ ಭಟ್ಟಿಯವರು ಬಂದು ಒಯ್ಯುತ್ತಾರೆ. ಅದು ಪೈನ್ ಮರದ ಕಟ್ಟಿಗೆ. ಕೊಟ್ಟೂರಿನಲ್ಲಿ ಅದಕ್ಕೆ ಆ ಹೆಸರಿಲ್ಲ. ಪೆಟ್ಟಿಗಿ ಕಟ್ಟಿಗಿ, ಅಷ್ಟೆ.

ಅವರನ್ನು ಮೊದಲು ನೋಡಿದ್ದು ಜೂನ್ ಹದಿನೆಂಟು, ಶನಿವಾರ. ಉಳಿದವರೆಲ್ಲ ಟ್ರ್ಯಾಕ್ಟರಿಗೆ ಹೇರುವ ಅವಸರದಲ್ಲಿದ್ದರೆ ಇವರೊಬ್ಬರು ರಾಶಿಯ ಮೇಲೆ ಕೂತು ಒಂದು ಹಲಗೆಯ ಮೇಲಿನ ಮುದ್ರೆಯನ್ನು ಬೆರಳಿನಿಂದ ತಡವುತ್ತಿದ್ದರು. ಬೇರೆ ದೇಶದಿಂದ ಬರುವ ಪೆಟ್ಟಿಗೆಗೆಲ್ಲ ಅಂಥ ಮುದ್ರೆ ಸುಟ್ಟಿರುತ್ತಾರೆ. ಗೋಧಿ ತೆನೆಯಂಥ ಒಂದು ಚಿತ್ರ, ಪಕ್ಕದಲ್ಲಿ ಎರಡು ಇಂಗ್ಲಿಷ್ ಅಕ್ಷರ. ಅವರ ಕನ್ನಡಕದ ಒಂದು ಕಡ್ಡಿ ಮುರಿದು ಅಲ್ಲಿ ದಾರ ಕಟ್ಟಿತ್ತು. ಕಿವಿಯ ಮೇಲೆ ಪೆನ್ಸಿಲು.

“ತಂಗಿ, ಇದು ಎಲ್ಲಿದು ಅಂತ ಬರದೈತಿ?”

ಆ ಎರಡು ಅಕ್ಷರ ದೇಶದ ಗುರುತು, ಇದು ತುಂಬ ಚಳಿ ಇರುವ ಒಂದು ದೇಶದಿಂದ ಬಂದದ್ದು ಎಂದು ಹೇಳಿದೆ. ಪೆಟ್ಟಿಗೆ ಆಗುವ ಮುಂಚೆ ಅಲ್ಲಿಯವರು ಇದಕ್ಕೆ ಏನೆನ್ನುತ್ತಿದ್ದರು ಎಂದು ಕೇಳಿದರು. ಪೈನ್ ಎಂದೆ. ಆ ಶಬ್ದವನ್ನು ಎರಡು ಸಲ ಬಾಯಲ್ಲಿ ಹೊರಳಿಸಿದರು.

“ನೀ ನೋಡಿಯೇನು?”

“ದಿನಾ ನೋಡ್ತೀನಲ್ಲ ಕಾಕಾ, ಇಲ್ಲೇ ಬಿದ್ದಿರತೈತಿ.”

“ಬಿದ್ದದ್ದು ಎಲ್ಲಾರೂ ನೋಡ್ತಾರ. ನಿಂತದ್ದು ನೋಡಿಯೇನು ಅಂದೆ.”

ಇಲ್ಲ ಎಂದೆ. ತಾವೂ ನೋಡಿಲ್ಲ ಎಂದರು. ಆ ದಿನ ಟ್ರ್ಯಾಕ್ಟರು ತುಂಬ ಒಯ್ದವರ ನಡುವೆ ಇವರು ಸೈಕಲ್ಲಿಗೆ ಎರಡೇ ಹಲಗೆ ಕಟ್ಟಿಕೊಂಡು ಹೋದರು.

ನಿಂತದ್ದು ನೋಡುವುದು ಅವರ ಕಸುಬಿನ ಮೊದಲ ಪಾಠವೆಂದು ನನಗೆ ಆಮೇಲೆ ತಿಳಿಯಿತು. ಗಿಡವನ್ನು ನಿಂತಲ್ಲೇ ನೋಡದೆ ಅವರು ಅದರ ಕಟ್ಟಿಗೆ ಮುಟ್ಟುತ್ತಿರಲಿಲ್ಲ. ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದು ಗಿಡವೇ, ಕಡಿದು ಮಲಗಿಸಿದ ಮೇಲೆ ಕಟ್ಟಿಗೆ. ಯಾರಾದರೂ ಬಂದು ಬಾಗಳಿಯ ಹತ್ತಿರ ಒಂದು ಬೇವು ಕಡಿಯುತ್ತಿದ್ದಾರೆ ಎಂದರೆ, ಬುತ್ತಿ ಕಟ್ಟಿಕೊಂಡು ಸೈಕಲ್ ತುಳಿಯುತ್ತಿದ್ದರು. ಗಿಡದ ಸುತ್ತ ಎರಡು ಸಲ ತಿರುಗಿ, ಬುಡದಲ್ಲಿ ಕೂತು ರೊಟ್ಟಿ ತಿಂದು, ಬೊಡ್ಡೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಇದ್ದು ಬರುತ್ತಿದ್ದರು. ಗೂಡು ಇದ್ದರೆ ಮರಿ ಹಾರುವವರೆಗೆ ವ್ಯಾಪಾರದ ಮಾತೇ ಇಲ್ಲ.

ಅಂಗೈ ಇಡುವುದು ಭಕ್ತಿಗಲ್ಲ, ಬುಡ-ತುದಿ ನೆನಪಿಟ್ಟುಕೊಳ್ಳಲಿಕ್ಕೆ. ಬಾಗಿಲಿನ ಚೌಕಟ್ಟಿಗೆ ಎರಡು ನಿಲುವು ಇರುತ್ತವಲ್ಲ, ಅವು ಗಿಡ ಹೇಗೆ ನಿಂತಿತ್ತೋ ಹಾಗೇ ನಿಲ್ಲಬೇಕು. ಬುಡದ ಕಡೆ ಹೊಸ್ತಿಲಿಗೆ, ತುದಿಯ ಕಡೆ ಮೇಲಕ್ಕೆ. ತಲೆಕೆಳಗಾಗಿ ನಿಲ್ಲಿಸಿದರೆ ಆ ಮನೆಯಲ್ಲಿ ಮಾತು ನೆಟ್ಟಗೆ ನಡೆಯುವುದಿಲ್ಲ ಎಂಬುದು ಬಡಿಗರ ನಂಬಿಕೆ. ಕಾಕಾನಿಗೆ ಅದು ನಂಬಿಕೆಗಿಂತ ಮರ್ಯಾದೆಯ ವಿಷಯವಾಗಿತ್ತು. ಎಪ್ಪತ್ತು ವರ್ಷ ತಲೆ ಮೇಲೆ ಮಾಡಿ ನಿಂತದ್ದನ್ನು ತಲೆಕೆಳಗೆ ಮಾಡಿ ನಿಲ್ಲಿಸಲಿಕ್ಕೆ ನಾವ್ಯಾರು ಎನ್ನುತ್ತಿದ್ದರು. ಗಿಡ ಉರುಳಿದ ಕೂಡಲೇ ಪ್ರತಿ ತುಂಡಿನ ಬುಡಕ್ಕೂ ಕಾವಿಯ ಬೊಟ್ಟು ಇಡುತ್ತಿದ್ದರು. ಆ ಬೊಟ್ಟು ಚೌಕಟ್ಟು ನಿಂತು ಬಣ್ಣ ಹಚ್ಚುವವರೆಗೂ ಅಳಿಯಬಾರದು.

ಅವರ ಜೊತೆ ಊರಲ್ಲಿ ನಡೆಯುವುದೆಂದರೆ ಬೇರೆಯೇ ಊರಲ್ಲಿ ನಡೆದಂತೆ. ಒಂದು ಸಂಜೆ ಬಸ್‌ಸ್ಟ್ಯಾಂಡಿನಿಂದ ಅವರ ಕೆಲಸದ ತಗಡಿನ ಶೆಡ್ಡಿನವರೆಗೆ ಒಟ್ಟಿಗೆ ಬಂದೆವು. ದಾರಿಯಲ್ಲಿ ಹತ್ತೊಂಬತ್ತು ಬಾಗಿಲು. ಮನೆಯವರ ಹೆಸರು ಅವರ ಬಾಯಲ್ಲಿ ಬರಲೇ ಇಲ್ಲ. ಇದು ಕೂಡ್ಲಿಗಿ ದಾರಿಯ ಬೇವು, ಸಿಡಿಲು ಬಡಿದು ಅರ್ಧ ಒಣಗಿತ್ತು. ಇದು ಕೆರೆ ದಂಡೆಯ ಜಾಲಿ, ಕಡಿದ ದಿನ ಕೊಡಲಿ ಎರಡು ಮುರಿದವು. ಇದು ಒಬ್ಬಳು ಮುದುಕಿಯ ಹಿತ್ತಲಿನ ಬಾಗೆ ಗಿಡ, ಆಕೆ ಒಂದು ಕೊಂಬೆ ಮಾತ್ರ ಬಿಡಿಸಿಕೊಂಡಳು, ಕೋಲಿಗೆ. ಹತ್ತೊಂಬತ್ತರಲ್ಲಿ ಹದಿನಾಲ್ಕನ್ನು ಗುರುತು ಹಿಡಿದರು. ಉಳಿದ ಐದು ಪ್ಲೈವುಡ್ಡು. ಅವುಗಳ ಮುಂದೆ ಬಂದಾಗ ಅವರು ರಸ್ತೆಯ ಆ ಕಡೆ ನೋಡಿದರು.

ಇಂಥ ಮನುಷ್ಯನಿಗೆ ಪೈನಿನ ಹುಚ್ಚು ಹೇಗೆ ಹತ್ತಿತು ಎಂದು ಅವರ ಮಗಳು ಎಷ್ಟೋ ಸಲ ನನ್ನನ್ನು ಕೇಳಿದ್ದಾಳೆ. ನನಗೆ ತೋರುವುದು ಇಷ್ಟು. ನಮ್ಮ ಸೀಮೆಯ ಗಿಡಗಳೆಲ್ಲ ಬಿಸಿಲಿಗೆ, ಬರಕ್ಕೆ ಸೊಟ್ಟಗೆ ಬೆಳೆದವು. ಬೇವಿನಲ್ಲಿ ಆರಡಿ ನೇರ ಸಿಕ್ಕರೆ ಪುಣ್ಯ. ಐವತ್ತು ವರ್ಷ ಸೊಟ್ಟದ್ದನ್ನು ನೇರ ಮಾಡಿದ ಕೈಗೆ ಹುಟ್ಟುತ್ತಲೇ ನೇರವಾಗಿದ್ದ ಕಟ್ಟಿಗೆ ಸಿಕ್ಕಿತು. ಹನ್ನೆರಡು ಅಡಿಯ ದಿಮ್ಮಿಗೆ ದಾರ ಹಿಡಿದು ನೋಡಿ, ದಾರವೇ ಸೊಟ್ಟ ಇರಬೇಕು ಎಂದಿದ್ದರಂತೆ. ಆಮೇಲೆ ಅದರ ವಾಸನೆ. ಉಜ್ಜುಗೊರಡು ಆಡಿಸಿದರೆ ಕರ್ಪೂರಕ್ಕೂ ನಿಂಬೆ ಸಿಪ್ಪೆಗೂ ನಡುವಿನ ಒಂದು ವಾಸನೆ ಶೆಡ್ಡು ತುಂಬುತ್ತಿತ್ತು. ಹೊಳ್ಳೆ ಅರಳಿಸಿ, ಯಾವುದೋ ನೆಂಟರ ಮಾತು ನೆನಪಾದವರಂತೆ ಅವರು ಸುಮ್ಮನೆ ನಿಂತುಬಿಡುತ್ತಿದ್ದರು.

ಒಂದು ಹಲಗೆಯನ್ನಂತೂ ಅವರು ಮುಟ್ಟಲೇ ಇಲ್ಲ. ಮೊದಲ ವರ್ಷದ ಆಗಸ್ಟಿನಲ್ಲಿ ಬಂದ ಒಂದು ಪೆಟ್ಟಿಗೆಯ ಮುಚ್ಚಳ ಅದು. ಒಂದೇ ಹಲಗೆ, ಒಂದು ಮೊಳಕ್ಕಿಂತ ನಾಲ್ಕು ಬೆರಳು ಹೆಚ್ಚು ಅಗಲ, ಏಳಡಿ ಉದ್ದ, ಈ ಕೊನೆಯಿಂದ ಆ ಕೊನೆಗೆ ಒಂದು ಗಂಟಿಲ್ಲ. ಅಷ್ಟು ಅಗಲದ ಹಲಗೆ ಕೊಡಬೇಕಾದರೆ ಆ ಗಿಡದ ಬೊಡ್ಡೆ ಎಷ್ಟಿರಬೇಕು, ಮೊದಲ ಟೊಂಗೆ ಎಷ್ಟು ಎತ್ತರದಲ್ಲಿರಬೇಕು ಎಂದು ನೆಲದ ಮೇಲೆ ಪೆನ್ಸಿಲಿನಿಂದ ವೃತ್ತ ಬರೆದು ತೋರಿಸಿದ್ದರು. ಆ ವೃತ್ತದೊಳಗೆ ನಾವಿಬ್ಬರೂ ಕಾಲು ಮಡಚಿ ಕೂರಬಹುದಿತ್ತು. ಆದರೆ ಗಂಟಿಲ್ಲದ್ದರಿಂದ ಬುಡ ಯಾವುದು ತುದಿ ಯಾವುದು ತಿಳಿಯುವಂತಿರಲಿಲ್ಲ. ಅದನ್ನು ಹಲಗೆ ಇಟ್ಟು ಕೊಯ್ಯುವ ಎರಡು ಕಟ್ಟಿಗೆ ಕುದುರೆಗಳ ಮೇಲೆ ಮಲಗಿಸಿಯೇ ಇಟ್ಟಿದ್ದರು. ಬಂದವರೆಲ್ಲ ಕೇಳುವವರು, ದೇವರ ಕೋಣೆ ಬಾಗಿಲಿಗೆ ಕೊಡಿ, ಅಂಗಡಿ ಬಾಗಿಲಿಗೆ ಕೊಡಿ ಎಂದು. ಹೊಳಲಿನ ಗುಡಿಯಲ್ಲಿ ದೇವರ ಮೂರ್ತಿ ಮಲಗಿದ ಭಂಗಿಯಲ್ಲಿದೆ; ಅದನ್ನೇ ಹಿಡಿದು ಅವರಿಗೆಲ್ಲ ಒಂದೇ ಉತ್ತರ.

“ಹೊಳಲದಾಗ ದೇವ್ರು ಮಲಗ್ಯಾನ. ಮೊದ್ಲು ಹೋಗಿ ಅವನ್ನ ಎಬ್ಬಸ್ರಿ, ಆಮ್ಯಾಲ ಇದನ್ನೂ ನಿಲ್ಲಸ್ತೀನಿ.”

ನಿಂತ ಪೈನು ಎಷ್ಟು ಎತ್ತರ ಎಂದು ಅವರು ಕೇಳಿದ್ದು ನನ್ನ ದಿನಚರಿಯಲ್ಲಿ ಒಂಬತ್ತು ಸಲ ಇದೆ. ಅಡಿಗಳಲ್ಲಿ ಹೇಳಿದರೆ ಅವರಿಗೆ ಸಾಲದು. ಒಂದು ದಿನ ಯಾರ್ಡಿನ ಹಿಂದಿನ ಗುಡ್ಡದ ಫ್ಯಾನು ತೋರಿಸಿ, ಅದರ ಕಂಬದ ಅರ್ಧಕ್ಕೆ ಬರುವ ಪೈನುಗಳಿವೆಯಂತೆ, ಅದಕ್ಕಿಂತ ಎತ್ತರದವೂ ಇವೆಯಂತೆ ಎಂದೆ. ಅವರು ಸೈಕಲ್ ಹತ್ತಿದರು. ಊಟದ ಹೊತ್ತಿಗೆ ನೋಡುತ್ತೇನೆ, ಆ ಕಂಬದ ಬುಡದಲ್ಲಿ ನಿಂತಿದ್ದಾರೆ. ಕತ್ತು ಹಿಂದಕ್ಕೆ ಬಾಗಿದೆ, ಹೆಗಲಿನ ಟವೆಲು ಜಾರಿ ನೆಲಕ್ಕೆ ಬಿದ್ದಿದೆ, ಅದರ ಪರಿವೆಯಿಲ್ಲ. ಒಂದು ಅಂಗೈಯನ್ನು ಆ ಕಬ್ಬಿಣದ ಮೇಲೆ ಇಟ್ಟಿದ್ದರು. ಆಮೇಲೆ ಎಷ್ಟೋ ಸಲ ಅವರನ್ನು ಅಲ್ಲಿ ಹಾಗೇ ಕಂಡೆ. ಕಾವಲುಗಾರ ಮೊದಮೊದಲು ಬೈಯುತ್ತಿದ್ದವನು ಕೊನೆಗೆ ಅವರಿಗೆಂದು ಕೂರಲು ಒಂದು ಕಲ್ಲು ಹಾಕಿಕೊಟ್ಟಿದ್ದ.

ಇನ್ನು ಬರೆಯಬೇಕಾದದ್ದು ಹಿರೇಹಡಗಲಿಯ ಬಾಗಿಲಿನ ಸುದ್ದಿ. ಅದರಲ್ಲಿ ನನ್ನ ಪಾಲೂ ಇದೆ.

ಅವರಿಗೆ ಒಬ್ಬಳೇ ಮಗಳು, ಕೊಟ್ಟದ್ದು ಹಿರೇಹಡಗಲಿಗೆ. ಹೆಂಡತಿ ಇಲ್ಲ, ನಾನು ಅವರನ್ನು ನೋಡುವ ಮುಂಚೆಯೇ ತೀರಿಕೊಂಡಿದ್ದರು. ಮಗಳು ಮನೆ ಕಟ್ಟಿಸಿದಾಗ ತಲಬಾಗಿಲು ಅಪ್ಪನದೇ ಎಂದು ಮಾತಾಗಿತ್ತು. ಕಾಕಾ ಬೇವು ಹುಡುಕಲಿಲ್ಲ. ಯಾರ್ಡಿಗೆ ಬಂದು, ಪೆಟ್ಟಿಗೆಯ ಅಡಿಗೆ ಹಾಕುವ ದಪ್ಪ ದಿಮ್ಮಿಗಳಲ್ಲಿ ಎರಡನ್ನು ಆರಿಸಿದರು. ಮಗಳ ಮನೆಗೆ ಇದಕ್ಕಿಂತ ನೇರವಾದ ಕಟ್ಟಿಗೆಯನ್ನು ತಾವು ಹುಟ್ಟಿದಾಗಿನಿಂದ ನೋಡಿಲ್ಲ ಎಂದರು. ಅವರ ಕಣ್ಣಲ್ಲಿ ಆ ದಿನ ಆಸೆ ಇತ್ತು. ಐವತ್ತು ವರ್ಷದಲ್ಲಿ ಮೊದಲ ಸಲ, ನಿಂತದ್ದು ನೋಡದ ಗಿಡವನ್ನು ಅವರು ನಿಲ್ಲಿಸಲು ಹೊರಟಿದ್ದರು.

ದಿಮ್ಮಿಗಳಲ್ಲಿ ಗಂಟುಗಳಿದ್ದವು. ಗಂಟಿದ್ದರೆ ಬುಡ ಹೇಳಬಹುದು. ಟೊಂಗೆ ಹುಟ್ಟುವುದು ಬೊಡ್ಡೆಯ ತಿರುಳಿನಲ್ಲಿ, ಬೊಡ್ಡೆಯೊಳಗೆ ಹುದುಗಿದ ಅದರ ಭಾಗವೇ ಕೊಯ್ದಾಗ ಗಂಟಾಗಿ ಕಾಣುತ್ತದೆ. ತಿರುಳಿನ ಕಡೆ ಚೂಪು, ತೊಗಟೆಯ ಕಡೆ ಅಗಲ. ಬೇವು, ಜಾಲಿ, ಬಾಗೆಗಳಲ್ಲಿ ಟೊಂಗೆ ಮೇಲಕ್ಕೆ ಹೋಗುತ್ತದೆ, ಆದ್ದರಿಂದ ಗಂಟಿನ ಚೂಪು ಬುಡವನ್ನು ತೋರಿಸುತ್ತದೆ. ಟೊಂಗೆ ಕೆಳಗೆ ಇಳಿಯುವ ಗಿಡವಾದರೆ ಇದೇ ಲೆಕ್ಕ ತಿರುಗುಮುರುಗು. ಹಾಗಾಗಿ ಅವರಿಗೆ ಬೇಕಿದ್ದದ್ದು ಒಂದೇ ಉತ್ತರ.

ಜನವರಿ ಒಂಬತ್ತರ ನನ್ನ ದಿನಚರಿ ಹೀಗಿದೆ: ‘ಕಾಕಾ ಕೇಳಿದರು, ಪೈನಿನ ಟೊಂಗೆ ಮೇಲೋ ಕೆಳಗೋ. ಫೋನಿನಲ್ಲಿ ಆರು ಫೋಟೋ ನೋಡಿದೆ. ಆರರಲ್ಲೂ ಕೆಳಗೆ. ಕೆಳಗೆ ಎಂದು ಹೇಳಿದೆ.’

ಫೋಟೋಗಳಲ್ಲಿ ದೊಡ್ಡ ದೊಡ್ಡ ಪೈನುಗಳು ದಣಿದವರ ತೋಳಿನಂತೆ ಟೊಂಗೆ ಇಳಿಬಿಟ್ಟು ನಿಂತಿದ್ದವು. ಅವರು ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, ತಲೆಯಾಡಿಸಿ ಹೋದರು. ಎಂಟು ದಿನದಲ್ಲಿ ಹಿರೇಹಡಗಲಿಯಲ್ಲಿ ಬಾಗಿಲು ನಿಂತಿತು. ಗೃಹಪ್ರವೇಶಕ್ಕೆ ನಾನೂ ಹೋಗಿದ್ದೆ. ಎಣ್ಣೆ ಕುಡಿದ ಪೈನು ಜೇನಿನ ಬಣ್ಣಕ್ಕೆ ತಿರುಗಿತ್ತು, ನೆಂಟರೆಲ್ಲ ಒಮ್ಮೆ ಕೈ ಸವರಿ ಒಳಗೆ ಹೋಗುತ್ತಿದ್ದರು. ಕೈ ಸವರದವರು ಒಬ್ಬರೇ, ಮಗಳ ಅತ್ತೆ. ಇದು ಪೆಟ್ಟಿಗಿ ಕಟ್ಟಿಗಿ ಅಲ್ಲವೇನು, ಒಬ್ಬಳೇ ಮಗಳಿಗೆ ಅಪ್ಪ ಕೊಟ್ಟದ್ದು ಪೆಟ್ಟಿಗೆಯೇ ಎಂದು ಆಕೆ ಎಲ್ಲರಿಗೂ ಕೇಳುವಂತೆ ಅಂದರು. ಕಾಕಾ ನಕ್ಕುಬಿಟ್ಟರು.

ಅದೇ ವರ್ಷ ಮಳೆಗಾಲದಲ್ಲಿ ಆ ಅತ್ತೆ ಹೊಸ್ತಿಲ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಯಿಂದ ಬಂದವರೇ, ಬಾಗಿಲು ತಲೆಕೆಳಗೆ ನಿಂತಿದೆ, ಅದಕ್ಕೇ ಹೀಗಾಯಿತು, ಬೀಗರು ಬೇಕೆಂದೇ ಮಾಡಿದ್ದಾರೆ ಎಂದು ಓಣಿಗೆಲ್ಲ ಸಾರಿದರು. ಆಕೆಗೆ ಗಂಟು ಓದಲು ಬರುತ್ತಿತ್ತು ಅಂತಲ್ಲ. ಸಿಟ್ಟಿನಲ್ಲಿ ಬಾಯಿಗೆ ಸಿಕ್ಕ ಮಾತು. ಆದರೆ ಮಗಳು ಅದನ್ನು ದಿನಾ ಕೇಳಬೇಕಿತ್ತು, ಒಲೆಯ ಮುಂದೆ, ನೀರಿನ ಮುಂದೆ, ಹೂ ಕಟ್ಟುತ್ತ ಕೂತಲ್ಲಿ.

ಆ ಮಾತು ಕಾಕಾನನ್ನು ಕೊಯ್ದದ್ದು ಬೇರೆ ರೀತಿಯಲ್ಲಿ. ನನ್ನ ಮುಂದೆ ಒಂದು ಸಲ ಮಾತ್ರ ಹೇಳಿದರು.

“ಸುಳ್ಳು ಅನ್ನಾಕಾದ್ರೂ ನನಗ ಗೊತ್ತಿರಬೇಕಲ್ಲ ತಂಗಿ. ಗೊತ್ತಿಲ್ಲ. ಆ ಗಿಡ ಹೆಂಗ ನಿಂತಿತ್ತು ಅಂತ ನನಗ ಗೊತ್ತಿಲ್ಲ.”

ಅಂದಿನಿಂದ ಅವರು ಮಗಳ ಬಾಗಿಲು ದಾಟಲಿಲ್ಲ. ತಿಂಗಳಿಗೊಮ್ಮೆ ಹಡಗಲಿಯಲ್ಲಿ ಬಸ್ಸು ಬದಲಿಸಿ ಹೋಗುವುದು ನಿಲ್ಲಲಿಲ್ಲ. ಹೋಗಿ, ಅಂಗಳದ ಕಟ್ಟೆಯ ಮೇಲೆ ಕೂರುವುದು. ಮಗಳು ಅಲ್ಲಿಗೇ ನೀರು, ರೊಟ್ಟಿ ತರುವುದು. ಒಳಗೆ ಬಾ ಎಂದರೆ ಕಾಲು ಧೂಳಾಗಿದೆ ಎನ್ನುವುದು, ಬಸ್ಸಿಗೆ ಹೊತ್ತಾಯಿತು ಎನ್ನುವುದು. ಎರಡು ವರ್ಷ ಐದು ತಿಂಗಳು ಅವರು ಮಗಳ ಮನೆಯ ಒಳಗನ್ನು ನೋಡಿದ್ದು ಆ ಬಾಗಿಲ ಚೌಕಟ್ಟಿನಲ್ಲಿ ಕಂಡಷ್ಟೇ. ಮಗಳು ಒಮ್ಮೆ ಯಾರ್ಡಿನ ಗೇಟಿಗೇ ಬಂದು ನನ್ನನ್ನು ಕೇಳಿದಳು, “ಬಾಗಲಾ ಕಿತ್ತು ಒಗದ್ರ ಅಪ್ಪ ಒಳಗ ಬರ್ತಾನೇನು?”

ಆ ಹೊತ್ತಿಗೆ ನನಗೂ ಸಂಶಯ ಕಚ್ಚಿತ್ತು. ಆರು ಫೋಟೋ. ಆರೂ ದೂರದಿಂದ ತೆಗೆದವು. ಮತ್ತೊಮ್ಮೆ ಫೋನಿನಲ್ಲಿ ಹುಡುಕಿ ತೋರಿಸಲು ಹೋದರೆ ಅವರು ನನ್ನ ಕೈಯನ್ನೇ ಮೆಲ್ಲಗೆ ಬದಿಗೆ ಸರಿಸಿದರು. “ಅಂಗೈಯಾಗ ಹಿಡಿಸೋ ಗಿಡ ಸಾಕವಾ. ಒಮ್ಮಿ ನೋಡಿದ್ದು ಸಾಕು.”

ನವೆಂಬರಿನಲ್ಲಿ ಯಾರ್ಡಿನವರೆಲ್ಲ ಎರಡು ದಿನಕ್ಕೆ ಊಟಿಗೆ ಹೊರಟರು. ಅಲ್ಲಿ ಪೈನ್ ತೋಪು ಇದೆ ಎಂದು ತಿಳಿದ ದಿನವೇ ಕಾಕಾನ ಶೆಡ್ಡಿಗೆ ಓಡಿದೆ. ಬಸ್ಸಿನಲ್ಲಿ ಮೂರು ಸೀಟು ಖಾಲಿ ಇದ್ದವು. ಅವರು ಉಜ್ಜುಗೊರಡು ಕೆಳಗಿಟ್ಟರು. ಮುಖ ಒಮ್ಮೆ ಬೆಳಗಿ ಹಾಗೇ ಇಳಿಯಿತು.

“ಮಗಳ ಮನಿ ಬಾಗಲಾ ದಾಟಲಾರದಂವ, ಆ ಗಿಡದ ಮುಂದ ಯಾವ ಮುಖ ಹೊತ್ತು ನಿಂದ್ರಲಿ? ನೀ ಹೋಗಿ ಬಾ. ಒಂದು ನೋಡ್ಕೊಂಡು ಬಾ, ಸಾಕು. ಟೊಂಗಿ ಬೊಡ್ಡಿಯಿಂದ ಹೊರಡೋ ಜಾಗದಾಗ ಮ್ಯಾಲ ಹೋಗತೈತೋ, ಕೆಳಗ ಇಳೀತೈತೋ. ದೂರದಿಂದಲ್ಲ. ಹೊರಡೋ ಜಾಗದಾಗ.”

ನವೆಂಬರ್ ಇಪ್ಪತ್ತೆರಡು, ಮಧ್ಯಾಹ್ನ. ಇಳಿಜಾರಿನ ತುಂಬ ಪೈನುಗಳು. ಜೊತೆಯವರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಮೊದಲ ಮರದ ಬುಡದಲ್ಲಿ ತಲೆ ಎತ್ತಿದೆ. ನೋಟ ಹೋಗುತ್ತಲೇ ಇತ್ತು, ಕಂಬದ ಹಾಗೆ, ಆದರೆ ಕಂಬ ಉಸಿರಾಡುವುದಿಲ್ಲ. ಮೇಲೆಲ್ಲೋ ಗಾಳಿ ಆಡುತ್ತಿತ್ತು, ದೂರದ ಕಣದಲ್ಲಿ ಯಾರೋ ಜೋಳ ತೂರುತ್ತಿರುವಂಥ ಸದ್ದು. ಯಾರ್ಡಿನಲ್ಲಿ ದಿನಾ ಮೂಸುವ ಅದೇ ವಾಸನೆ ಅಲ್ಲಿ ಹಸಿಯಾಗಿತ್ತು. ಇಲ್ಲಿ ನಿಲ್ಲಬೇಕಾದವರು ನಾನಲ್ಲ ಎನಿಸಿತು. ದಿನಚರಿ ಪುಸ್ತಕ ತೆಗೆದು ಕೆಲಸಕ್ಕೆ ತೊಡಗಿದೆ.

ಏಳು ಮರ, ಮೂವತ್ತೊಂದು ಟೊಂಗೆ. ಇಪ್ಪತ್ತೊಂಬತ್ತು, ಹೊರಡುವ ಜಾಗದಲ್ಲಿ ಮೇಲಕ್ಕೆ. ಎರಡು ತೀರ ಎತ್ತರದಲ್ಲಿದ್ದು ಸರಿಯಾಗಿ ಕಾಣಲಿಲ್ಲ. ಕೆಳಗೆ, ಒಂದೂ ಇಲ್ಲ. ಒಂದೆರಡು ಮೊಳ ಹೊರಗೆ ಬಂದ ಮೇಲೆ ಭಾರಕ್ಕೆ ಬಾಗಿ ಇಳಿಯುತ್ತಿದ್ದವು. ಫೋಟೋದಲ್ಲಿ ಕಾಣುವುದು ಅದೇ ಬಾಗು. ರಸ್ತೆಯ ಬದಿಗೆ ಗಾಳಿಗೆ ಉರುಳಿದ ಒಂದು ಮರವನ್ನು ಕೊಯ್ದು ಹಾಕಿದ್ದರು. ಸೀಳಿದ ಮುಖದಲ್ಲಿ ಐದು ಗಂಟು. ಐದೂ ಬೇವಿನ ಗಂಟಿನ ಹಾಗೇ, ಚೂಪು ಬುಡದ ಕಡೆಗೆ. ಒಂದು ಕಾಯಿ ಆರಿಸಿ ಚೀಲಕ್ಕೆ ಹಾಕಿಕೊಂಡೆ. ಕಾಕಾನ ಪರವಾಗಿ ಒಂದು ಬೊಡ್ಡೆಯ ಮೇಲೆ ಅಂಗೈ ಇಟ್ಟೆ.

ಇಪ್ಪತ್ತನಾಲ್ಕರ ಸಂಜೆ ಶೆಡ್ಡಿನಲ್ಲಿ ಪುಸ್ತಕ ತೆರೆದು ಎಲ್ಲವನ್ನೂ ಓದಿ ಹೇಳಿದೆ. ಅವರು ಪೈನ್ ಕಾಯಿಯನ್ನು ಅಂಗೈಯಲ್ಲಿಟ್ಟುಕೊಂಡು, ಅದರ ಒಂದೊಂದು ಹಲ್ಲನ್ನೂ ಹೆಬ್ಬೆರಳಿನಿಂದ ಮುಟ್ಟುತ್ತ ಕೇಳಿದರು.

“ಬೊಡ್ಡಿ ಮ್ಯಾಲ ಕೈ ಇಟ್ಟೇನು?”

“ಇಟ್ಟೆ ಕಾಕಾ.”

“ತಣ್ಣಗಿತ್ತೋ, ಬೆಚ್ಚಗಿತ್ತೋ?”

ನಾನು ಪುಸ್ತಕ ನೋಡಿದೆ. ಅದೊಂದನ್ನು ಬರೆದುಕೊಂಡಿರಲಿಲ್ಲ. ನೆನಪಿಲ್ಲ ಎಂದೆ. ಅವರು ಇರಲಿ ಎನ್ನುವಂತೆ ತಲೆಯಾಡಿಸಿದರು. ಹಿರೇಹಡಗಲಿಯ ಎರಡೂ ನಿಲುವುಗಳ ಪ್ರತಿಯೊಂದು ಗಂಟೂ ಅವರಿಗೆ ಬಾಯಿಪಾಠವಿತ್ತು.

“ಹಂಗಾದ್ರ ಎರಡೂ ತಲಿಕೆಳಗ ಅದಾವು,” ಎಂದರು.

ನಾನು ಹೇಳಿದ್ದಕ್ಕೇ ಹೀಗಾಯಿತು, ಜನವರಿ ಒಂಬತ್ತರ ಪುಟ ನನ್ನ ಹತ್ತಿರ ಇದೆ ಎಂದೆ.

“ನೀ ಫೋಟೋ ನೋಡಿ ಹೇಳಿದಿ. ನಾ ಅದನ್ನೂ ಸರಿಯಾಗಿ ನೋಡಲಿಲ್ಲ. ನೆಟ್ಟಗ ಐತಿ, ಚಂದ ಐತಿ, ಮಗಳ ಮನ್ಯಾಗ ನಿಲ್ಲಲಿ ಅಂದೆ. ಹೇಳು, ಯಾರ ತಪ್ಪು ಹೆಚ್ಚು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಉಳಿಗಳನ್ನು ಒಂದೊಂದಾಗಿ ಮಸೆಯಲು ಕೂತರು.

ಡಿಸೆಂಬರ್ ಹದಿನಾಲ್ಕು, ಭಾನುವಾರ. ಸಾಮಾನಿನ ಚೀಲ ಹೊತ್ತು ಅವರು, ಪುಸ್ತಕ ಹಿಡಿದು ನಾನು. ಅತ್ತೆ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮುಂದೆ ನಾಲ್ಕು ಕಾಲಿನ ಕೋಲು ಇಟ್ಟುಕೊಂಡು ಬಿಸಿಲು ಕಾಯಿಸುತ್ತಿದ್ದರು. ಕಾಕಾ ಕಟ್ಟೆಯ ಮೇಲೆ ಕೂರಲಿಲ್ಲ. ಆಕೆಯ ಮುಂದೆ ಹೋಗಿ ನಿಂತರು.

“ಬೀಗತಿ, ನೀವು ಅಂದಿದ್ದು ಖರೇ ಐತ್ರಿ. ಎರಡೂ ನಿಲುವು ತಲಿಕೆಳಗ ಅದಾವು.”

ಎರಡೂವರೆ ವರ್ಷ ಅದನ್ನೇ ಅಂದವರು ಬಾಯಿ ತೆರೆದು ಕೂತರು. “ಅಯ್ಯ, ನಾ ಏನೋ ಸಿಟ್ಟಿಗೆ ಅಂದಿದ್ದೆ. ಖರೇವಂದ್ರೂ ಹಂಗ ಐತೇನು?”

“ಐತ್ರಿ.”

ಮಗಳು ಬಾಗಿಲಲ್ಲಿ ಬಂದು ನಿಂತಿದ್ದಳು. ಮುದುಕಿ ಸಾವರಿಸಿಕೊಂಡು, ಇಷ್ಟು ದೊಡ್ಡ ಬಡಿಗೇರರು ಅದು ಹೇಗೆ ತಪ್ಪಿದರು ಎಂದು ಕೇಳಿದರು. ನಾನು ಬಾಯಿ ತೆರೆದೆ. ಕಾಕಾ ನನ್ನ ಕಡೆ ತಿರುಗದೆ, ನನಗಿಂತ ಮುಂಚೆ ಹೇಳಿದರು.

“ನಿಂತದ್ದು ನೋಡಿದ್ದಿಲ್ರಿ. ಆಸಿಗಿ ಬಿದ್ದು ನಿಲ್ಲಿಸಿಬಿಟ್ಟೆ.”

ಆಮೇಲೆ ಸಂಜೆ ಐದರವರೆಗೆ ಕೆಲಸ. ಬೇರೆ ಕಟ್ಟಿಗೆ ತರೋಣ ಎಂದು ಅಳಿಯ ಎರಡು ಸಲ ಹೇಳಿದ. ಬೇಡ, ಈ ಗಿಡವೇ ನೆಟ್ಟಗೆ ನಿಲ್ಲಬೇಕು ಎಂದರು ಕಾಕಾ. ಬಾಗಿಲು ಕಳಚಿ, ಸುತ್ತಲ ಸಿಮೆಂಟು ಒಡೆದು, ಚೌಕಟ್ಟನ್ನು ಇಳಿಸಿ ಅಂಗಳದಲ್ಲಿ ಮಲಗಿಸಿದರು. ಹೊಸ್ತಿಲಿಗೂ ಮೇಲಿನ ಅಡ್ಡಪಟ್ಟಿಗೂ ಕೂಡಿಸಿದ್ದ ಹಳೆಯ ತುದಿಗಳನ್ನು ಕೊಯ್ದು, ನಿಲುವುಗಳನ್ನು ತಿರುಗಿಸಿ, ಹೊಸದಾಗಿ ಕೆತ್ತಿದರು. ಉಳಿ ಬಿದ್ದಲ್ಲೆಲ್ಲ ಆ ವಾಸನೆ ಎದ್ದಿತು. ಮುದುಕಿ ಇದೇನು, ಕರ್ಪೂರ ಹಚ್ಚಿದಂತಿದೆಯಲ್ಲ ಎಂದು ಕುರ್ಚಿಯನ್ನು ಹತ್ತಿರ ಎಳೆಸಿಕೊಂಡರು. ಬುಡಕ್ಕೆ ಕಾವಿಯ ಬೊಟ್ಟು ಇಡಿಸಿದ್ದು ಆಕೆಯ ಕೈಯಿಂದಲೇ. ಚೌಕಟ್ಟು ಮತ್ತೆ ನಿಂತಾಗ ಮೊದಲಿಗಿಂತ ನಾಲ್ಕು ಬೆರಳು ಗಿಡ್ಡವಾಗಿತ್ತು. ಬಾಗಿಲನ್ನೂ ಅಷ್ಟೇ ಕೊಯ್ದು ಕೂರಿಸಿದರು.

ಎಲ್ಲ ಮುಗಿದು ಕೈ ತೊಳೆದವರು ರೂಢಿಯಂತೆ ಕಟ್ಟೆಯ ಕಡೆ ನಡೆದರು. ಒಳಗೆ ಬಾ ಅಪ್ಪ ಎಂದು ಮಗಳು ಕರೆದಳು. ಅವರ ಕಾಲು ಹೊಸ್ತಿಲ ಈ ಕಡೆ ನಿಂತೇ ಇತ್ತು. ಅಷ್ಟರಲ್ಲಿ ಕೋಲೂರಿಕೊಂಡು ಒಳಗೆ ಹೋಗಿದ್ದ ಮುದುಕಿ ಅಲ್ಲಿಂದಲೇ ಕೂಗಿ ಹೇಳಿದರು.

“ಬಗ್ಗಿ ಬರ್ರಿ ಬೀಗ್ರೆ, ತಲಿ ಬಡೀತೈತಿ. ನೀವ ಮಾಡಿದ್ದು.”

ಅವರು ಬಗ್ಗಿದರು, ಬೇಕಿದ್ದದ್ದಕ್ಕಿಂತ ಹೆಚ್ಚು. ಒಂದು ಕೈಯಿಂದ ಎಡಗಡೆಯ ನಿಲುವು ಹಿಡಿದು, ಹೊಸ್ತಿಲು ದಾಟಿ ಒಳಗೆ ಬಂದರು. ಊಟಕ್ಕೆ ಗೋಡೆಗೆ ಒರಗದೆ, ಬಾಗಿಲು ಕಾಣುವಂತೆ ಕೂತರು. ನಾಲ್ಕು ರೊಟ್ಟಿ ತಿಂದರು. ಅವರು ಎರಡಕ್ಕಿಂತ ಹೆಚ್ಚು ತಿಂದದ್ದನ್ನು ನಾನು ಬರೆದುಕೊಂಡಿರುವುದು ಅದೊಂದೇ ಸಲ.

ವಾಪಸು ಬರುವ ಬಸ್ಸಿನಲ್ಲಿ, ಹಡಗಲಿ ದಾಟಿದ ಮೇಲೆ, ಕಿಟಕಿಯಾಚೆ ಗುಡ್ಡದ ಫ್ಯಾನುಗಳು ಕಾಣತೊಡಗಿದಾಗ ಅವರು ಹೇಳಿದರು. “ಬರೋ ಚಳಿಗಾಲಕ್ಕ ಹೋಗಿಬರೂಣು ತಂಗಿ. ತಣ್ಣಗೈತೋ ಬೆಚ್ಚಗೈತೋ, ಈ ಸಲ ನಾನ ನೋಡ್ತೀನಿ.”

ಹೊಸ ದಿನಚರಿ ತಂದ ದಿನ ನವೆಂಬರಿನ ಮೊದಲ ಪುಟದಲ್ಲಿ ‘ಕಾಕಾ, ಊಟಿ’ ಎಂದು ಬರೆದಿಟ್ಟೆ. ಆ ಪುಟ ಇನ್ನೂ ದೂರದಲ್ಲಿದೆ. ದಿನಾ ಒಂದು ಹಾಳೆ ಹತ್ತಿರವಾಗುತ್ತದೆ.

ಕಾಕಾ ತೀರಿಕೊಂಡ ಹದಿಮೂರನೇ ದಿನ ಅವರ ಮಗಳು ಆಟೋದಲ್ಲಿ ಆ ಅಗಲವಾದ ಹಲಗೆಯನ್ನು ನಮ್ಮ ಮನೆಗೆ ತಂದು ಇಳಿಸಿದಳು. ಇದು ನಿನಗೆ ಎಂದು ಅಪ್ಪ ಮೊದಲೇ ಹೇಳಿಟ್ಟಿದ್ದನಂತೆ. ಇನ್ನೊಂದು ಮಾತೂ ಹೇಳಿದ್ದನಂತೆ: “ನಿಲ್ಲಸಬ್ಯಾಡ ಅನ್ನು. ಮಲಗಿಸಿ ಇಟ್ಕೊಳ್ಳಲಿ. ಮಲಗಿದ್ದಕ್ಕ ತಪ್ಪಿಲ್ಲ.”

ಅದಕ್ಕೆ ನಾಲ್ಕು ಕಾಲು ಮಾಡಿಸಿದೆ. ಬೇವಿನವು, ನಿಂತ ಗಿಡವನ್ನು ನಾನೇ ಹೋಗಿ ನೋಡಿ ಬಂದದ್ದು. ಈಗ ಅದು ನನ್ನ ಬರೆಯುವ ಮೇಜು. ಕಾಲು ಕೂಡಿಸುವ ಮುಂಚೆ ಹಲಗೆಯನ್ನು ಮಗುಚಿದಾಗ ಅಡಿಯಲ್ಲಿ ಕಾವಿಯ ಕಲೆ ಕಂಡಿತು. ಒಂದು ಕೊನೆಯಲ್ಲಿ ಬೊಟ್ಟು ಇಟ್ಟು ಒರೆಸಿದ್ದರು. ಇನ್ನೊಂದು ಕೊನೆಯಲ್ಲೂ ಇಟ್ಟು ಒರೆಸಿದ್ದರು. ಒಂದೇ ಸಲವಲ್ಲ, ಒಂದರ ಮೇಲೊಂದು, ಎಷ್ಟೋ ಸಲ. ಎಣಿಸಲು ನೋಡಿದೆ, ಆಗಲಿಲ್ಲ.

ಪೈನ್ ಕಾಯಿ ಮೇಜಿನ ನಡುವೆ ಇದೆ. ಬೆಸ ತಾರೀಖಿನ ದಿನ ಈ ಕೊನೆಯಲ್ಲಿ ಕೂತು ಬರೆಯುತ್ತೇನೆ, ಸಮ ತಾರೀಖಿನ ದಿನ ಆ ಕೊನೆಯಲ್ಲಿ. ಎರಡರಲ್ಲಿ ಒಂದು ಬುಡ. ಬರೆಯಲು ತೊಡಗುವ ಮುಂಚೆ ಹಲಗೆಯ ಮೇಲೆ ಅಂಗೈ ಇಡುತ್ತೇನೆ, ಆ ದಿನ ತಣ್ಣಗಿತ್ತೋ ಬೆಚ್ಚಗಿತ್ತೋ ಎಂದು ತಾರೀಖಿನ ಪಕ್ಕದಲ್ಲಿ ಬರೆಯುತ್ತೇನೆ.

ಇವತ್ತು ಹನ್ನೊಂದು. ಬೆಚ್ಚಗಿದೆ.